ಗೇರ್ ಬೀಳದಿದ್ದರೆ ಗೇರ್‌ಬಾಕ್ಸನ್ನೇ ಬೈಯಬೇಕಾ?

ನಾಲ್ಕು ಜನ ಮೆಕ್ಯಾನಿಕಲ್ ಹುಡುಗರು ಸೇರಿ ಹಳೆಯ ಯೆಜ್ಡಿಯೊಂದರ ಇಂಜಿನ್ ಪೂರ್ತಿ ಬಿಚ್ಚಿ, ಒಳಗೆ ಏನೂ ಸಿಗದೆ, ಹಾಗೇ ಮತ್ತೆ ಜೋಡಿಸಿದ ಕಥೆ ಹಾಸ್ಟೆಲಿನಲ್ಲಿ ಸಾಕಷ್ಟು ಓಡಾಡಿದೆ. ಆ ನಾಲ್ವರು ನಾವೇ. ನಗೋರು ನಗಲಿ, ಬೇಜಾರಿಲ್ಲ. ಆದರೆ ತಪ್ಪು ನಮ್ಮ ಕೈಯಲ್ಲಿ ಮಾತ್ರ ಇರಲಿಲ್ಲ, ನಾವು ಕಲಿತ ರೀತಿಯಲ್ಲೂ ಇತ್ತು ಅನ್ನೋದು ನಮ್ಮ ವಾದ. ಅದಕ್ಕೇ ಇದನ್ನ ಬರೀತಾ ಇದ್ದೀವಿ.

ಬೈಕು ನಮ್ಮಲ್ಲೊಬ್ಬನ ಅಪ್ಪನದು. ಎಪ್ಪತ್ತರ ದಶಕದ್ದು, ಮೈಸೂರಿನ ಯಾದವಗಿರಿ ಕಾರ್ಖಾನೆಯಲ್ಲಿ ಹುಟ್ಟಿದ 250 ಸಿಸಿ ಟೂ ಸ್ಟ್ರೋಕ್. ಆ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಹಾಗಾಗಿ ಇಂಥ ಗಾಡಿಯ ಕ್ರ್ಯಾಂಕ್‌ಕೇಸಿಗೆ ಗಾಯ ಆದರೆ ಶೋರೂಮಿಗೆ ಹೋಗಿ ಹೊಸದು ತರೋ ಹಾಗಿಲ್ಲ.

ತೊಂದರೆ ಇಷ್ಟು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸುಮಾರಾಗಿ ಇರುತ್ತಿತ್ತು. ನಾಲ್ಕೈದು ಕಿಲೋಮೀಟರ್ ಓಡಿಸಿ ಸಿಗ್ನಲ್‌ನಲ್ಲಿ ನಿಂತರೆ ನ್ಯೂಟ್ರಲ್ ಸಿಗುತ್ತಲೇ ಇರಲಿಲ್ಲ. ಕ್ಲಚ್ ಪೂರ್ತಿ ಹಿಡಿದಿದ್ದರೂ ಗಾಡಿ ಮುಂದಕ್ಕೆ ಜಗ್ಗುತ್ತಿತ್ತು. ಫಸ್ಟ್ ಹಾಕಿದರೆ 'ಕಟಕ್' ಅಂತ ಸದ್ದು. 'ಗೇರ್ ಫೋರ್ಕ್ ಬಾಗಿದೆ ಮಗಾ' ಅಂತ ಒಬ್ಬ ಹೇಳಿದ. ಉಳಿದ ಮೂವರು ಹೂಂ ಅಂದ್ವಿ. ಅಷ್ಟೇ ನಮ್ಮ ತನಿಖೆ!

ಈ ಇಂಜಿನ್‌ನಲ್ಲಿ ಗೇರ್ ಫೋರ್ಕ್ ನೋಡಬೇಕಂದ್ರೆ ಕ್ರ್ಯಾಂಕ್‌ಕೇಸನ್ನ ಎರಡು ಹೋಳು ಮಾಡಬೇಕು. ಎರಡು ಭಾನುವಾರ ಹೋಯ್ತು. ಹೋಳುಗಳು ಬಿಡದಿದ್ದಾಗ ನಮ್ಮಲ್ಲೊಬ್ಬ (ಯಾರು ಅಂತ ಹೇಳಲ್ಲ, ಒಪ್ಪಂದ ಆಗಿದೆ) ನಡುವೆ ಸ್ಕ್ರೂಡ್ರೈವರ್ ಇಟ್ಟು ಮೀಟಿದ. ಕೂಡುವ ಮುಖದ ಮೇಲೆ ಉದ್ದಕ್ಕೆ ಗೀರು ಬಿತ್ತು. ಗೇರ್‌ಬಾಕ್ಸ್ ಕಡೆ ಬಿತ್ತು, ಪುಣ್ಯಕ್ಕೆ. ಕ್ರ್ಯಾಂಕ್ ಇರುವ ಕಡೆ ಬಿದ್ದಿದ್ದರೆ ಟೂ ಸ್ಟ್ರೋಕ್ ಇಂಜಿನ್ ಅಲ್ಲಿಂದ ಗಾಳಿ ಎಳೆದುಕೊಂಡು, ಮಿಶ್ರಣ ತೆಳುವಾಗಿ, ಪಿಸ್ಟನ್ನೇ ಹಿಡಿದುಕೊಳ್ಳಬಹುದಿತ್ತು. ಒಳಗೆ ನೋಡಿದರೆ ಫೋರ್ಕ್ ನೆಟ್ಟಗಿದೆ, ಗೇರಿನ ಹಲ್ಲುಗಳು ಚೂಪಾಗಿವೆ. ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದ್ವಿ. ಸಿಗ್ನಲ್‌ನಲ್ಲಿ ಮತ್ತೆ ಅದೇ ಜಗ್ಗಾಟ.

ಆಮೇಲೆ ತಳ್ಳಿಕೊಂಡು ಹೋಗಿದ್ದು ಒಬ್ಬ ಹಳೆಯ ಮೆಕ್ಯಾನಿಕ್ ಹತ್ತಿರ. 'ಏನಣ್ಣ, ಗೇರ್‌ಬಾಕ್ಸ್ ಹೋಗಿದ್ಯಾ?' ಅಂದ್ವಿ. 'ಮೊದ್ಲು ಅದನ್ನ ಕೇಳಿ ನೋಡಾಣ ಇರ್ರಪ್ಪಾ' ಅಂದರು. ಕೈಗೆ ಪಾನ ತಗೊಳ್ಳಲಿಲ್ಲ. ಇಂಜಿನ್ ಆಫ್ ಇಟ್ಟುಕೊಂಡೇ ಗಾಡಿಯನ್ನ ಹಿಂದೆ ಮುಂದೆ ಅಲ್ಲಾಡಿಸುತ್ತಾ ಒಂದರಿಂದ ನಾಲ್ಕರವರೆಗೆ ಗೇರ್ ಹಾಕಿದರು, ವಾಪಸ್ ಇಳಿಸಿದರು. ಎಲ್ಲಾ ಬೆಣ್ಣೆ ಥರ ಬಿದ್ದವು. ಆಮೇಲೆ ಫಸ್ಟ್‌ನಲ್ಲಿ ಇಟ್ಟು, ಕ್ಲಚ್ ಪೂರ್ತಿ ಹಿಡಿದು ತಳ್ಳಿದರು. ಯಾರೋ ಬ್ರೇಕ್ ಒತ್ತಿದ ಹಾಗೆ ಗಾಡಿ ಬಿಗಿ ಹಿಡಿಯಿತು. ಎರಡು ನಿಮಿಷವೂ ಆಗಿರಲಿಲ್ಲ. ಗೇರ್‌ಬಾಕ್ಸ್ ಸರಿ ಇದೆ, ಕ್ಲಚ್ ಬಿಡ್ತಾ ಇಲ್ಲ. ಇಂಜಿನ್ ಓಡುವಾಗ ಕ್ಲಚ್ ಅರ್ಧ ಹಿಡಿದುಕೊಂಡೇ ಇದ್ದರೆ ಗೇರುಗಳ ಮೇಲೆ ಭಾರ ಇದ್ದೇ ಇರುತ್ತೆ. ಭಾರ ಇದ್ದ ಗೇರ್ ಜಾರಿ ನ್ಯೂಟ್ರಲ್‌ಗೆ ಬರೋದು ಹೇಗೆ?

(ನೀವೂ ಮಾಡಿ ನೋಡೋದಾದ್ರೆ ಒಂದು ಎಚ್ಚರಿಕೆ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಎಣ್ಣೆಗೆ ಪ್ಲೇಟುಗಳು ಅಂಟಿಕೊಂಡಿರುತ್ತವೆ. ಕ್ಲಚ್ ಹಿಡಿದು ಎರಡು ಮೂರು ಸಲ ಕಿಕ್ ಹೊಡೆದು ಬಿಡಿಸಿಕೊಂಡು ಆಮೇಲೆ ತಳ್ಳಿ. ಇಲ್ಲಾಂದ್ರೆ ಒಳ್ಳೆ ಕ್ಲಚ್ಚನ್ನೂ ಕೆಟ್ಟಿದೆ ಅಂತೀರ.)

ನಮಗೆ ನಿಜವಾಗಿ ನಾಚಿಕೆ ಆಗಿದ್ದು ಅವರ ಮುಂದಿನ ಮಾತಿಗೆ. ಈ ಗಾಡಿಯಲ್ಲಿ ಕ್ಲಚ್ ಬಿಡಿಸೋಕೆ ಎರಡು ದಾರಿ. ಒಂದು ಕೈಯ ಲಿವರ್, ಕೇಬಲ್ ಮೂಲಕ. ಇನ್ನೊಂದು ಗೇರ್ ಪೆಡಲ್ಲೇ. ಅದನ್ನ ಒತ್ತಿದರೆ ಕೇಬಲ್ಲಿನ ಹಂಗಿಲ್ಲದೆ ಕ್ಲಚ್ ತಾನಾಗಿ ಬಿಡುತ್ತೆ, ಆಗ ಕೈಯ ಲಿವರ್ ಸಡಿಲ ಆಗೋದು ಗೊತ್ತಾಗುತ್ತೆ. ಪೆಡಲ್‌ನಿಂದ ಬಿಟ್ಟು ಲಿವರ್‌ನಿಂದ ಬಿಡದಿದ್ದರೆ ತಪ್ಪು ಕೇಬಲ್ಲಿನದು. ಎರಡರಿಂದಲೂ ಬಿಡದಿದ್ದರೆ ಎರಡೂ ದಾರಿ ಸೇರಿದ ಮೇಲಿನ ಜಾಗದಲ್ಲಿ, ಅಂದ್ರೆ ಪುಶ್ ರಾಡ್‌ನಲ್ಲೋ ಪ್ಲೇಟುಗಳಲ್ಲೋ ನೋಡಬೇಕು. ನಮ್ಮದು ಎರಡನೆಯದು. ಎಲೆಕ್ಟ್ರಾನಿಕ್ಸ್ ಗೆಳೆಯರು ಸರ್ಕ್ಯೂಟ್‌ನಲ್ಲಿ ಮಾಡೋದು ಇದನ್ನೇ ಅಲ್ವಾ? ಹಿಡಿದ ಕೈಗೆ ಗೊತ್ತಾಗುವ ಈ ಸುಳಿವು ತಿಂಗಳುಗಟ್ಟಲೆ ನಮ್ಮ ಎದುರಿಗೇ ಇತ್ತು.

ಎಡಗಡೆಯ ಕವರ್ ತೆಗೆದು ಸ್ಟೀಲ್ ಪ್ಲೇಟುಗಳನ್ನ ಕಿಟಕಿ ಗಾಜಿನ ಮೇಲೆ ಮಲಗಿಸಿದ್ವಿ. ಎರಡರ ಕೆಳಗೆ 0.3 ಮಿ.ಮೀ. ಫೀಲರ್ ಗೇಜ್ ಸಲೀಸಾಗಿ ನುಗ್ಗಿತು. 0.3 ಏನು ಮಹಾ ಅನ್ನಬೇಡಿ. ಲೆಕ್ಕ ಹಾಕಿ: ನಾಲ್ಕು ಫ್ರಿಕ್ಷನ್ ಪ್ಲೇಟ್ ಇರುವ ಒಂದು ಕ್ಲಚ್‌ನಲ್ಲಿ ಎಂಟು ಉಜ್ಜುವ ಮುಖ. ಪ್ರೆಶರ್ ಪ್ಲೇಟ್ 1.6 ಮಿ.ಮೀ. ಎದ್ದರೆ ಒಂದೊಂದು ಮುಖಕ್ಕೆ ಸಿಗೋದು 0.2 ಮಾತ್ರ. ಅದರಲ್ಲಿ ಒಂದು ಪ್ಲೇಟ್ 0.3 ಬಾಗಿದ್ದರೆ ಎಲ್ಲೋ ಒಂದು ಕಡೆ ಉಜ್ಜಿಯೇ ಉಜ್ಜುತ್ತೆ. ಟ್ರಾಫಿಕ್‌ನಲ್ಲಿ ಹಾಫ್ ಕ್ಲಚ್ ಹಿಡಿದೇ ಓಡಿಸಿ ಪ್ಲೇಟ್ ಕಾಯಿಸಿದವರು ಯಾರು? ಅದೂ ನಾವೇ. ಟ್ರಯಲ್ಸ್ ಅಂತ ಒಂದು ಬೈಕ್ ಆಟ ಇದೆ, ಬಂಡೆಗಳ ಮೇಲೆ ಆಮೆ ವೇಗದಲ್ಲಿ ಹೋಗಬೇಕು, ಕಾಲು ನೆಲಕ್ಕೆ ತಾಕಿದರೆ ದಂಡದ ಅಂಕ. ಅಲ್ಲಿ ಆಟವೆಲ್ಲ ಕ್ಲಚ್ ಹಿಡಿದ ಬೆರಳಿನದು. ಬೆಂಗಳೂರಿನ ಸಂಜೆ ಟ್ರಾಫಿಕ್ ಅದಕ್ಕಿಂತ ಏನು ಕಮ್ಮಿ ಹೇಳಿ, ಬಂಡೆ ಒಂದಿಲ್ಲ ಅಷ್ಟೇ.

ಹಾಗಂತ ಎಲ್ಲಾ ತಪ್ಪು ಕ್ಲಚ್ಚಿನದೇ ಅಂತಲ್ಲ. ಎಕ್ಸಲರೇಟರ್ ಕೊಟ್ಟಾಗ ಗೇರ್ ತಾನಾಗಿ ಹಾರಿಬಿದ್ದರೆ ಗೇರಿನ ಡಾಗ್ ಸವೆದಿರುತ್ತೆ, ಅಲ್ಲಿ ಇಂಜಿನ್ ಬಿಚ್ಚಲೇಬೇಕು. ಟಾಪ್ ಗೇರಲ್ಲಿ ಸದ್ದು ಏರಿ ವೇಗ ಏರದಿದ್ದರೆ ಅದು ಸ್ಲಿಪ್, ನಮ್ಮದಕ್ಕೆ ಪೂರ್ತಿ ಉಲ್ಟಾ. ಬಿಚ್ಚೋಕೆ ಮುಂಚೆ ಇದು ಯಾವುದು ಅಂತ ಕೇಳಬೇಕಿತ್ತು, ನಾವು ಕೇಳಲಿಲ್ಲ.

ಯಾಕೆ ಕೇಳಲಿಲ್ಲ? ನಮ್ಮ ಲ್ಯಾಬ್ ನೆನಪು ಮಾಡಿಕೊಳ್ಳಿ. 'ಬಿಚ್ಚುವುದು ಮತ್ತು ಜೋಡಿಸುವುದು' ಅನ್ನೋ ಪ್ರಯೋಗ. ಪ್ರತಿ ಸೆಮಿಸ್ಟರ್ ಬಿಚ್ಚಿಸಿಕೊಂಡು ಬಿಚ್ಚಿಸಿಕೊಂಡು ಆ ಇಂಜಿನ್ನಿನ ಬೋಲ್ಟುಗಳು ಬೆರಳಲ್ಲೇ ತಿರುಗುತ್ತವೆ. ಅದಕ್ಕೆ ಯಾವ ಕಾಯಿಲೆಯೂ ಇಲ್ಲ. ಬಿಚ್ಚಿದ್ದಕ್ಕೆ ಅಂಕ, ಚಿತ್ರ ಬರೆದಿದ್ದಕ್ಕೆ ಅಂಕ. ವೈವಾದಲ್ಲಿ 'ಕ್ಲಚ್‌ನಲ್ಲಿ ಎಷ್ಟು ವಿಧ?' ಅಂತಾರೆ. 'ನ್ಯೂಟ್ರಲ್ ಸಿಗ್ತಿಲ್ಲ, ಮೊದಲು ಏನು ನೋಡ್ತೀಯಾ?' ಅಂತ ಮೂರು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಬಿಚ್ಚೋದಕ್ಕೇ ಅಂಕ ಕೊಟ್ಟರೆ ನಾವು ಬಿಚ್ಚದೆ ಇನ್ನೇನು ಮಾಡ್ತೀವಿ?

ನಮ್ಮ ಬೇಡಿಕೆ ದೊಡ್ಡದಲ್ಲ. ಸೆಮಿಸ್ಟರಿಗೆ ಒಂದು ಸಲ, ಬೇಕಂತಲೇ ಕೆಡಿಸಿದ ಒಂದು ಗಾಡಿ ಕೊಡಿ. ಕೇಬಲ್ ಸಡಿಲ ಮಾಡಿ, ಒಂದು ಸ್ಪ್ರಿಂಗ್ ಬದಲಿಸಿ, ಬಾಗಿದ ಪ್ಲೇಟ್ ಹಾಕಿ (ನಮ್ಮ ಹತ್ತಿರ ಎರಡಿದೆ, ಪುಕ್ಕಟೆ ಕೊಡ್ತೀವಿ). ಮೊದಲ ಅರ್ಧ ಗಂಟೆ ಪಾನ ಮುಟ್ಟೋ ಹಾಗಿಲ್ಲ. ಯಾವ ಪರೀಕ್ಷೆ ಮೊದಲು, ಅದರಿಂದ ಯಾವ ಅನುಮಾನ ಹೋಯ್ತು ಅಂತ ಬರೆದಿದ್ದಕ್ಕೆ ಅಂಕ ಕೊಡಿ. ಒಬ್ಬ ಸರ್ ಹತ್ತಿರ ಇದನ್ನ ಹೇಳಿದಾಗ, 'ಇದಕ್ಕೆಲ್ಲ ಗ್ಯಾರೇಜ್ ಇದೆಯಲ್ಲಪ್ಪಾ, ನೀವು ಡಿಸೈನ್ ಕಲೀರಿ' ಅಂದರು. ಡಿಸೈನ್ ಮಾಡಿದ್ದು ಎಲ್ಲಿ ಸೋಲುತ್ತೆ ಅಂತ ಹುಡುಕೋಕೆ ಬಾರದವನು ಡಿಸೈನ್ ಮಾಡಿದ ಕ್ಲಚ್ಚನ್ನ ಸರ್ ತಮ್ಮ ಗಾಡಿಗೆ ಹಾಕಿಸಿಕೊಳ್ತಾರಾ ಅಂತ ಕೇಳಬೇಕು ಅನ್ನಿಸ್ತು. ಇಂಟರ್ನಲ್ಸ್ ಇನ್ನೂ ಬಾಕಿ ಇತ್ತು, ಕೇಳಲಿಲ್ಲ.

ಗಾಡಿ ವಾಪಸ್ ಕೊಟ್ಟ ದಿನ ಗೆಳೆಯನ ಅಪ್ಪ ಒಂದು ಸುತ್ತು ಹೋಗಿ ಬಂದರು. ನ್ಯೂಟ್ರಲ್‌ಗೆ ಹಾಕಿ, ಕೈ ಬಿಟ್ಟು ನಕ್ಕರು. ಆಮೇಲೆ ಬಗ್ಗಿ ನೋಡಿ, ಆ ಗೀರಿನ ಮೇಲೆ ಬೆರಳಾಡಿಸಿ, 'ಎಣ್ಣೆ ಸೋರುತ್ತಾ?' ಅಂತ ಕೇಳಿದರು. 'ಸ್ವಲ್ಪ, ಅಂಕಲ್' ಅಂದ್ವಿ. ಬೆರಳನ್ನ ಬಟ್ಟೆಗೆ ಒರೆಸಿಕೊಂಡರು, ಬೇರೇನೂ ಹೇಳಲಿಲ್ಲ.

ಈಗ ನಮ್ಮ ಹತ್ತಿರ ಇನ್ನೊಬ್ಬ ಸ್ನೇಹಿತನ ಹಳೇ ಬೈಕ್ ಬಂದಿದೆ. ಎರಡನೇ ಗೇರಿಂದ ಮೂರಕ್ಕೆ ಹೋಗುವಾಗ ಪೆಡಲ್ ವಾಪಸ್ ಬರಲ್ಲ. ಭಾನುವಾರ ಹತ್ತು ಗಂಟೆಗೆ ವರ್ಕ್‌ಶಾಪ್ ಹಿಂದಿನ ಶೆಡ್‌ನಲ್ಲಿ ಕೂತ್ಕೋತೀವಿ. ಬರೋರು ಪಾನ ತರಬೇಡಿ, ಪೆನ್ನು ತನ್ನಿ.