ಅಬ್ಬಕ್ಕನ ಯುದ್ಧವನ್ನು ಎಲ್ಲಿ ಓದಬೇಕು?

ಉಡುಪಿ, ಕಾಪು, ಕಾರ್ಕಳ ಸೀಮೆಯ ಶಾಲಾ ವಾರ್ಷಿಕೋತ್ಸವಗಳಲ್ಲಿ ಉಳ್ಳಾಲದ ರಾಣಿ ಅಬ್ಬಕ್ಕ ರಂಗವೇರದ ವರ್ಷ ಅಪರೂಪ. ಪುಟ್ಟ ಬಾಲಿಕೆಯೊಬ್ಬಳು ಮರದ ಖಡ್ಗವನ್ನು ಹಿರಿದು ಪರಂಗಿಯವರನ್ನು ಅಟ್ಟುವ ದೃಶ್ಯಕ್ಕೆ ಸಭೆ ಕೈತಟ್ಟುತ್ತದೆ. ತಟ್ಟಲಿ, ಅದು ಸಲ್ಲತಕ್ಕ ಗೌರವವೇ. 2012ರಲ್ಲಿ ಭಾರತೀಯ ಕರಾವಳಿ ಕಾವಲು ಪಡೆಯನ್ನು ಸೇರಿದ ಹಡಗೊಂದು ಕೂಡ ಆಕೆಯ ಹೆಸರನ್ನೇ ಹೊತ್ತಿದೆ. ಆದರೆ ಪರದೆ ಇಳಿದ ಮೇಲೆ, ಆ ಯುದ್ಧ ನಡೆದದ್ದು ಯಾವಾಗ, ಯಾರು ಯಾರ ಪಕ್ಷದಲ್ಲಿದ್ದರು, ಇದನ್ನೆಲ್ಲ ಬರೆದಿಟ್ಟವರು ಯಾರು ಎಂದು ಒಬ್ಬ ವಿದ್ಯಾರ್ಥಿ ಎದ್ದುನಿಂತು ಕೇಳಿದರೆ, ನಾವು ಯಾವ ಗ್ರಂಥವನ್ನು ಅವನ ಕೈಗೆ ಕೊಡುತ್ತೇವೆ?

ತೊಡಕು ಕಾಲಗಣನೆಯಲ್ಲಿಯೇ ಮೊದಲಾಗುತ್ತದೆ. ಜನಪ್ರಿಯ ಕಥನಗಳು ಅಬ್ಬಕ್ಕನ ಮೊದಲ ಕಾಳಗವನ್ನು 1555ರ ಸುಮಾರಿಗೆ ಇಡುತ್ತವೆ. ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದ್ದು 1568ರಲ್ಲಿ. ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದ ಇಟಲಿಯ ಯಾತ್ರಿಕ ಪಿಯೆತ್ರೊ ಡೆಲ್ಲಾ ವಾಲ್ಲೆ ಇಲ್ಲಿಗೆ ಬಂದದ್ದಾದರೋ 1623ರಲ್ಲಿ. 1555ರಲ್ಲಿ ಸೇನೆಯನ್ನು ನಡೆಸಿದವಳು 1623ರಲ್ಲಿ ತೊಂಬತ್ತರ ಹತ್ತಿರದ ವೃದ್ಧೆಯಾಗಿರಬೇಕಲ್ಲವೇ? ಆದುದರಿಂದಲೇ ಉಳ್ಳಾಲವನ್ನು ಆಳಿದ ಅಬ್ಬಕ್ಕ ಒಬ್ಬಳಲ್ಲ, ಒಬ್ಬರಿಗಿಂತ ಹೆಚ್ಚು ಮಂದಿ ಎಂದು ಹಲವು ವಿದ್ವಾಂಸರು ಅಭಿಪ್ರಾಯಪಟ್ಟಿರುವುದು. ನಮ್ಮ ನಾಟಕಗಳಲ್ಲಿ ಮಾತ್ರ ಅವರೆಲ್ಲರೂ ಒಂದೇ ಕಿರೀಟದ ಅಡಿಯಲ್ಲಿ ನಿಲ್ಲುತ್ತಾರೆ.

ಈ ಯಾತ್ರಿಕನನ್ನು ಓದುವ ಬಗೆಯನ್ನೇ ಮಕ್ಕಳಿಗೆ ಕಲಿಸಬೇಕೆಂದು ನನ್ನ ಮತ. ಗೋವೆಯಿಂದ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಸಂಗಡ ಆತ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೋದ. ಅಲ್ಲಿಂದ ಘಟ್ಟವಿಳಿದು ನಮ್ಮ ಬಸರೂರಿನ ಮಾರ್ಗವಾಗಿ ಮಂಗಳೂರನ್ನು ಸೇರಿದ. ಕಂಡದ್ದನ್ನೂ ಕೇಳಿದ್ದನ್ನೂ ನೇಪಲ್ಸಿನ ಮಿತ್ರನಿಗೆ ಪತ್ರರೂಪದಲ್ಲಿ ಬರೆದ. ರಾಣಿಯನ್ನು ಆತ ಕಂಡದ್ದು ಸಿಂಹಾಸನದ ಮೇಲಲ್ಲ. ಮಣೇಲ್ ಎಂಬಲ್ಲಿ, ಗದ್ದೆಗಳಿಗೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯ ಕೆಲಸವನ್ನು ನೋಡುತ್ತ, ಕೆಲವೇ ಭಟರೊಂದಿಗೆ ಬರಿಗಾಲಲ್ಲಿ ನಡೆದು ಬರುತ್ತಿದ್ದಳಂತೆ. ಆಕೆಯ ವೇಷವನ್ನು ಆತ ಅಡುಗೆಯವಳ ವೇಷಕ್ಕೆ ಹೋಲಿಸುತ್ತಾನೆ. ಅದು ಐರೋಪ್ಯ ಕುಲೀನನ ಪೂರ್ವಗ್ರಹ. ಆದರೆ ಆಕೆ ಮಾತನಾಡತೊಡಗಿದೊಡನೆ ರಾಜತೇಜಸ್ಸು ಗೋಚರಿಸಿತೆಂದು ಒಪ್ಪಿಕೊಳ್ಳುವವನೂ ಅವನೇ. ವಯಸ್ಸನ್ನು ಕುರಿತು, ತನ್ನ ಕಣ್ಣಿಗೆ ಸುಮಾರು ನಾಲ್ವತ್ತಾಗಿರುವಂತೆ ಕಂಡಿತು, ಅದಕ್ಕಿಂತ ಬಹಳ ಹೆಚ್ಚೆಂದು ಇತರರು ಹೇಳಿದರು ಎಂದು ಬರೆದಿದ್ದಾನೆ. ಕಂಡದ್ದು ಬೇರೆ, ಕೇಳಿದ್ದು ಬೇರೆ; ಎರಡನ್ನೂ ಬೇರೆಬೇರೆಯಾಗಿ ದಾಖಲಿಸುವ ಈ ಎಚ್ಚರ ಎಲ್ಲ ಸಾಕ್ಷಿಗಳಲ್ಲಿಯೂ ಇರುವುದಿಲ್ಲ. ಪತಿಯಾಗಿದ್ದ ಬಂಗರಸನನ್ನು ಆಕೆ ತೊರೆದದ್ದು, ಬಂಗರಸ ಪೋರ್ಚುಗೀಸರ ಮೊರೆಹೊಕ್ಕದ್ದು, ಆಕೆ ವೆಂಕಟಪ್ಪ ನಾಯಕನ ನೆರವನ್ನು ಬೇಡಿದ್ದು, ಯುದ್ಧದಲ್ಲಿ ವೆಂಕಟಪ್ಪನ ಪಕ್ಷ ಮೇಲುಗೈ ಪಡೆದದ್ದು, ಇವೆಲ್ಲ ಆತ ಕೇಳಿ ಬರೆದ ಸಂಗತಿಗಳು. ಇವನ್ನು ಬೇರೆ ದಾಖಲೆಗಳೊಡನೆ ತಾಳೆ ನೋಡಿಯೇ ಸ್ವೀಕರಿಸಬೇಕು.

ಇಲ್ಲಿ ನಮ್ಮವರಿಗೆ ಒಂದು ಇಕ್ಕಟ್ಟಿದೆ. ಕೆಳದಿಯ ಅರಸರು ವೀರಶೈವರು. ಮಠಗಳಿಗೆ ದತ್ತಿ ಬಿಟ್ಟವರು. ಲಿಂಗಣ್ಣನ ‘ಕೆಳದಿನೃಪವಿಜಯ’ವನ್ನು ತರಗತಿಯಲ್ಲಿ ಪಾಠ ಹೇಳುವಾಗ ನನಗೂ ರೋಮಾಂಚವಾಗುತ್ತದೆ. ಆದರೆ ಆ ಚಂಪೂಕಾವ್ಯ ಹದಿನೆಂಟನೆಯ ಶತಮಾನದ ಉತ್ತರಾರ್ಧದ್ದು. ವೆಂಕಟಪ್ಪ ನಾಯಕ ಗತಿಸಿದ್ದು 1629ರಲ್ಲಿ. ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ವೂ 1709ರ ರಚನೆ, ಅದರಲ್ಲಿಯೂ ಸ್ವವಂಶದ ಪ್ರಶಂಸೆ ಇದ್ದದ್ದೇ. ವಂಶಾವಳಿಗೆ, ಆಸ್ಥಾನದ ಆಚಾರಗಳಿಗೆ, ದಾನಧರ್ಮಗಳ ವಿವರಕ್ಕೆ ಇವು ಅಮೂಲ್ಯವಾದ ಆಕರಗಳು. ರಣರಂಗದ ವರ್ಣನೆಯನ್ನು ಮಾತ್ರ ಅಕ್ಷರಶಃ ನಂಬತಕ್ಕದ್ದಲ್ಲ. ಉತ್ಪ್ರೇಕ್ಷಾಲಂಕಾರವನ್ನು ಹುಡುಗರಿಗೆ ಕಲಿಸುವ ಪಂಡಿತನೇ ಅದನ್ನು ಇತಿಹಾಸದಲ್ಲಿ ಗುರುತಿಸದೆ ಹೋದರೆ ಹೇಗೆ? ಪರಂಗಿಯವರೊಡನೆ ಕಾದಿದ ಅದೇ ವೆಂಕಟಪ್ಪ ಅವರಿಗೆ ಮೆಣಸು ಮಾರುವ ಒಪ್ಪಂದವನ್ನೂ ನಡೆಸುತ್ತಿದ್ದ. ಕಾವ್ಯದಲ್ಲಿ ಖಡ್ಗದ ಸದ್ದೇ ಹೆಚ್ಚು. ಮೆಣಸಿನ ಲೆಕ್ಕ ತಿಳಿಯಬೇಕಾದರೆ ಶತ್ರುವಿನ ಕಡತವನ್ನೇ ಬಿಚ್ಚಬೇಕು.

ಆ ಕಡತಗಳು ಪಣಜಿಯ ದಫ್ತರಖಾನೆಯಲ್ಲಿವೆ. ಪೋರ್ಚುಗೀಸ್ ಬಾರದವರು ಬಿ. ಎಸ್. ಶಾಸ್ತ್ರಿಯವರು ಗೋವೆ ಮತ್ತು ಕೆನರಾಗಳ 1498ರಿಂದ 1763ರವರೆಗಿನ ಸಂಬಂಧವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವನ್ನು ನೋಡಬಹುದು. ಅವರೂ ತಮ್ಮ ಪ್ರಭುಗಳಿಗೆ ವರದಿ ಒಪ್ಪಿಸಿದವರೇ. ಸೋಲನ್ನು ಕಿರಿದಾಗಿಸಿ ಬರೆಯುವ ಚಟ ಅವರಿಗಿರಲಿಲ್ಲವೆಂದು ಭಾವಿಸಬೇಕಾಗಿಲ್ಲ.

ಶಾಸನಗಳ ಮಾತು ಬೇರೆ. ಕಾರ್ಕಳದ ಚತುರ್ಮುಖ ಬಸದಿಯ 1586ರ ಶಾಸನ ಆ ಕಾಲದ್ದೇ. ಅದು ಅರಸನ ಬಿರುದುಗಳನ್ನು, ಬಿಟ್ಟ ದತ್ತಿಯನ್ನು, ತಿಥಿವಾರಗಳನ್ನು ಹೇಳುತ್ತದೆ. ಉಳ್ಳಾಲದ ಕಾಳಗದ ಸುದ್ದಿಯನ್ನು ಅದರಿಂದ ಅಪೇಕ್ಷಿಸಲಾಗದು. ಆದರೂ ನೆರೆಯ ಅರಸುಮನೆಗಳ ಕಾಲವನ್ನು ನಿರ್ಧರಿಸಲು ಇಂಥ ಕಲ್ಲುಗಳೇ ಆಧಾರ. ತುಳುನಾಡಿನ ಶಾಸನ, ದೇವಾಲಯಗಳನ್ನು ಊರೂರು ಅಲೆದು ಶೋಧಿಸಿದ ಪಾದೂರು ಗುರುರಾಜ ಭಟ್ಟರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನಲ್ಲಿದ್ದವರು, ನಮ್ಮ ನೆರೆಯವರೇ. 1975ರ ಅವರ ಬೃಹದ್ಗ್ರಂಥವನ್ನು ಇಂದು ತೆರೆದು ನೋಡುವ ಅಧ್ಯಾಪಕರೆಷ್ಟು ಮಂದಿ?

ದಾನಿಗಳಲ್ಲಿ ಹಾಗೂ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ಇಷ್ಟೆ. ವಾರ್ಷಿಕೋತ್ಸವದ ವೇಷಭೂಷಣಕ್ಕೂ ದೀಪಾಲಂಕಾರಕ್ಕೂ ಕೊಡುವ ಹಣದಲ್ಲಿ ಒಂದು ಪಾಲನ್ನು ಗ್ರಂಥಭಂಡಾರದ ಒಂದು ಕಪಾಟಿಗೆ ಮೀಸಲಿಡಿ. ಅದರಲ್ಲಿ ಸಾಲೆತೊರೆಯವರ 1936ರ ತುಳುವ ಇತಿಹಾಸ, ಗುರುರಾಜ ಭಟ್ಟರ ಗ್ರಂಥ, ‘ಕೆಳದಿನೃಪವಿಜಯ’, ಡೆಲ್ಲಾ ವಾಲ್ಲೆಯ ಪತ್ರಗಳ 1892ರ ಇಂಗ್ಲಿಷ್ ಆವೃತ್ತಿ ಇವು ಒಟ್ಟಿಗಿರಲಿ. ದೊರೆಯದ ಗ್ರಂಥಗಳಿಗಾಗಿ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ವಿಚಾರಿಸಬಹುದು. ಮಣೇಲಿನ ಭೇಟಿಯ ಆ ಕೆಲವು ಪುಟಗಳನ್ನು ಇಂಗ್ಲಿಷ್ ಅಧ್ಯಾಪಕರು ಕನ್ನಡಿಸಿಕೊಟ್ಟರೆ, ಮುಂದಿನ ವರ್ಷ ಅಬ್ಬಕ್ಕನ ಪಾತ್ರವನ್ನು ಧರಿಸುವ ಬಾಲಿಕೆಗೆ ಅವನ್ನು ಓದಿ ಹೇಳುವ ಹೊಣೆಯನ್ನು ನಾನು ಹೊರುತ್ತೇನೆ.