ಎಲ್ಲಾ ಹೊಟ್ಟೆನೋವೂ ಗ್ಯಾಸ್ ಅಲ್ಲ!

ಹೊಟ್ಟೆ ನೋಯ್ತಿದೆ ಅಂತ ನಮ್ಮಲ್ಲಿ ಯಾರಿಗೇ ಹೇಳಿ ನೋಡಿ, ಉತ್ತರ ಒಂದೇ: "ಗ್ಯಾಸು". ಇಂಗು ಹಾಕಿದ ಮಜ್ಜಿಗೆ, ಓಮದ ಕಷಾಯ, ಜಾಸ್ತಿಯಾದ್ರೆ ಹರಳೆಣ್ಣೆ.. ಬಹಳ ಸಲ ಅಜ್ಜಿ ಹೇಳಿದ್ದೇ ಸರಿಯಾಗಿರುತ್ತೆ. ಆದ್ರೆ ಮನೆಯಲ್ಲಿ ಕೀಮೋಥೆರಪಿ ತಗೊಳ್ತಿರೋರು ಇದ್ದರೆ ಆ ಗ್ಯಾಸ್ ಅನ್ನೋ ಪದವೇ ಅಪಾಯ ಅನ್ನೋದು ನನ್ನ ವಾದ.

ಕಾರಣ, ಟಿಫ್ಲೈಟಿಸ್. ನ್ಯೂಟ್ರೋಪೀನಿಕ್ ಎಂಟೆರೋಕೊಲೈಟಿಸ್ ಅಂತಲೂ ಕರೀತಾರೆ. (ಹೆಸರಿಗೆ ಹೆದರಬೇಡಿ, ಕಾಯಿಲೆಗೆ ಹೆದರಿ.) ಕೀಮೋ ಔಷಧಿಗಳು ಕ್ಯಾನ್ಸರ್ ಜೊತೆಗೆ ಕರುಳಿನ ಒಳಪದರವನ್ನೂ ಹಾಳು ಮಾಡ್ತವೆ. ಅದೇ ಹೊತ್ತಿಗೆ ಸೋಂಕಿನ ವಿರುದ್ಧ ಹೋರಾಡೋ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ 500ಕ್ಕಿಂತಲೂ ಕೆಳಗಿಳಿಯಬಹುದು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 1500ಕ್ಕಿಂತ ಹೆಚ್ಚಿರುತ್ತೆ. ಕಾವಲುಗಾರರೇ ಇಲ್ಲದ ಮೇಲೆ ಕರುಳಲ್ಲೇ ವಾಸವಿರೋ ಬ್ಯಾಕ್ಟೀರಿಯಾಗಳು ಗೋಡೆಯೊಳಗೆ ನುಗ್ತವೆ. ಹೆಚ್ಚಾಗಿ ಪೆಟ್ಟು ಬೀಳೋದು ದೊಡ್ಡ ಕರುಳು ಶುರುವಾಗೋ ಜಾಗಕ್ಕೆ, ಅಂದ್ರೆ ಹೊಟ್ಟೆಯ ಬಲಗಡೆ ಕೆಳಭಾಗಕ್ಕೆ. ಗೋಡೆ ಊದಿಕೊಂಡು, ಕೆಲವರಲ್ಲಿ ತೂತೇ ಬೀಳುತ್ತೆ. ಲ್ಯುಕೇಮಿಯಾ ರೋಗಿಗಳಲ್ಲಿ ಇದು ಹೆಚ್ಚು.

ಮೋಸ ಏನಂದ್ರೆ, ಒಳಗೆ ಇಷ್ಟೆಲ್ಲಾ ಆಗ್ತಿದ್ರೂ ಹೊಟ್ಟೆ ಮುಟ್ಟಿದರೆ ಮೆತ್ತಗೇ ಇರಬಹುದು. ಉರಿಯೂತದ ಲಕ್ಷಣ ತೋರಿಸಬೇಕಾದ ಬಿಳಿಕಣಗಳೇ ಇಲ್ಲವಲ್ಲ! ಸ್ಟೀರಾಯ್ಡ್ ಬೇರೆ ಕೊಡ್ತಿದ್ರೆ ಜ್ವರ, ನೋವು ಎರಡೂ ಮುಚ್ಚಿಹೋಗಬಹುದು.

ಇದು ಸಾಮಾನ್ಯವಾಗಿ ಕಾಣಿಸಿಕೊಳ್ಳೋದು ಕೀಮೋ ಆಗಿ ಎರಡು ವಾರದೊಳಗೆ. ಅಷ್ಟೊತ್ತಿಗೆ ಎಷ್ಟೋ ರೋಗಿಗಳು ಬೆಂಗಳೂರಿನ ಕಿದ್ವಾಯಿಯಿಂದಲೋ ಇನ್ನೆಲ್ಲಿಂದಲೋ ಹೊರಟು ರಾಯಚೂರು, ಬೀದರ್ ಕಡೆಯ ತಮ್ಮ ಹಳ್ಳಿ ಸೇರಿರ್ತಾರೆ. ನಡುರಾತ್ರಿ ನೋವು ಬಂದ್ರೆ ಏನು ಮಾಡೋದು ಅಂತ ನಿರ್ಧರಿಸೋದು ಡಾಕ್ಟರಲ್ಲ, ಅಡುಗೆಮನೆ.

ಹಾಗಾಗಿ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಸಾಲದು. ಕನ್ನಡದಲ್ಲಿ, ದಪ್ಪಕ್ಷರದಲ್ಲಿ, ನಾಲ್ಕೇ ಸಾಲು ಬೇಕು. ಹೊಟ್ಟೆನೋವು, ಭೇದಿ ಅಥವಾ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದ್ರೆ ಬೆಳಗಾಗೋವರೆಗೆ ಕಾಯಬೇಡಿ. ಹರಳೆಣ್ಣೆ ಬೇಡ, ಎನಿಮಾ ಬೇಡವೇ ಬೇಡ. ಜ್ವರದ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋದ ತಕ್ಷಣ ಮೊದಲ ಮಾತೇ "ಕೀಮೋ ಆಗಿ ಇಷ್ಟು ದಿನ ಆಯ್ತು" ಅಂತಿರಲಿ.

ರೋಗಿಯನ್ನ ಸುಮ್ನೆ ಹೆದರಿಸಿದ ಹಾಗಾಗಲ್ವಾ ಅಂತ ನೀವು ಕೇಳಬಹುದು. ಆಗ್ಲಿ ಬಿಡಿ. ಬೇಗ ಹೋಗಿ ಡ್ರಿಪ್, ಆಂಟಿಬಯೋಟಿಕ್, ಕರುಳಿಗೊಂದಿಷ್ಟು ವಿಶ್ರಾಂತಿ ಸಿಕ್ಕಿದ್ರೆ ಬಹಳಷ್ಟು ಜನ ಆಪರೇಷನ್ ಇಲ್ಲದೇ ಗುಣವಾಗ್ತಾರೆ. ಅಲ್ಲಿ ಹೋದ ಮೇಲೆ ಅದು ಬರೀ ಗ್ಯಾಸ್ ಅಂತಾದ್ರೆ, ಬಸ್ ಚಾರ್ಜು ಹೋಯ್ತು ಅಷ್ಟೇ.