ರೈಡಿಂಗ್ ಸೊರಗಿದರೆ ಬುಲ್ಸ್ ಗೆಲ್ಲೋದು ಹೇಗೆ?

ಸಾಸ್ವೆಹಳ್ಳಿ: ಬೆಂಗಳೂರು ಬುಲ್ಸ್ ಅಂದ್ರೆ ಕಬಡ್ಡಿಪ್ರಿಯರಿಗೆ ಈಗಲೂ ನೆನಪಾಗೋದು 2019ರ ಜನವರಿಯ ಫೈನಲ್. ಗುಜರಾತ್ ವಿರುದ್ಧ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದು ಕಪ್ ಗೆಲ್ಲಿಸಿದ್ದರು.

2024ರಲ್ಲಿ ಪ್ರದೀಪ್ ನರ್ವಾಲ್ ವಾಪಸ್ ಬಂದಾಗ ಕಾಲೇಜು ಹುಡುಗರಿಗೆ ಮತ್ತೆ ಅದೇ ಆಸೆ. ಆದರೆ ಆಗಿದ್ದೇ ಬೇರೆ: 22 ಪಂದ್ಯದಲ್ಲಿ ಗೆಲುವು ಬರೀ ಎರಡು, ಪಟ್ಟಿಯಲ್ಲಿ ಕೊನೇ ಸ್ಥಾನ.

ತಪ್ಪು ಒಬ್ಬರದ್ದಲ್ಲ. ಮುಖ್ಯ ರೈಡರ್ ಔಟಾಗಿ ಹೊರಗೆ ಕೂತರೆ, ವಾಪಸ್ ಕರೆತರಲು ಉಳಿದವರು ಪಾಯಿಂಟ್ ತರಲೇಬೇಕು. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಡು ಆರ್ ಡೈ. ಅಲ್ಲೂ ಸಿಕ್ಕಿಬಿದ್ದರೆ ಅಂಕಣದಲ್ಲಿ ಮತ್ತೊಬ್ಬ ಕಡಿಮೆ. ಹೀಗೇ ಆಲೌಟ್ ಆದರೆ ಎದುರಾಳಿಗೆ ಹೆಚ್ಚುವರಿ 2 ಪಾಯಿಂಟ್.

2025ರಲ್ಲಿ ಕನ್ನಡಿಗ ಬಿ.ಸಿ. ರಮೇಶ್ ಕೋಚ್ ಆದ ಮೇಲೆ ತಂಡ ಪ್ಲೇಆಫ್ ಮುಟ್ಟಿತು. ಅಭಿಮಾನಿ ಕೇಳೋದು ಇನ್ನೊಬ್ಬ ಹೀರೋನ ಅಲ್ಲ. ಅವನು ಔಟಾದಾಗ ಆಟ ಹಿಡಿಯೋ ಎರಡನೇ, ಮೂರನೇ ರೈಡರನ್ನ.